ಚರ್ಚ್ ಸುತ್ತ ಉಳಿದ ಕಾಡು: ಇಥಿಯೋಪಿಯದ ದೇವರಕಾಡುಗಳಿಗೆ ಕಲ್ಲಿನ ಪೌಳಿ

ಇಥಿಯೋಪಿಯದ ಉತ್ತರ ಭಾಗದ ಎತ್ತರದ ನಾಡನ್ನು ಆಕಾಶದಿಂದ ನೋಡಿದರೆ ಕಣ್ಣಿಗೆ ಬೀಳುವುದು ಕಂದು ಬಣ್ಣದ ಹೊಲಗಳು. ಮಳೆಗಾಲ ಮುಗಿದು ಕೊಯ್ಲಾದ ಮೇಲಂತೂ ದಿಗಂತದವರೆಗೆ ಬರೀ ಮಣ್ಣು. ಆ ಮಣ್ಣಿನ ನಡುವೆ ಅಲ್ಲಲ್ಲಿ ದುಂಡನೆಯ ಹಸಿರು ಚುಕ್ಕೆಗಳಿವೆ. ಪ್ರತಿಯೊಂದು ಚುಕ್ಕೆಯ ನಟ್ಟನಡುವೆ ಒಂದು ದುಂಡು ಛಾವಣಿ, ಅದರ ಮೇಲೊಂದು ಶಿಲುಬೆ. ಕಾಡು ಇದ್ದಲ್ಲಿ ಚರ್ಚ್ ಇದೆ, ಚರ್ಚ್ ಇಲ್ಲದಲ್ಲಿ ಕಾಡಿಲ್ಲ ಎಂಬಷ್ಟರ ಮಟ್ಟಿಗೆ ಇವೆರಡೂ ಅಲ್ಲಿ ಬೆರೆತುಹೋಗಿವೆ.

ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಕ್ರೈಸ್ತ ಚರ್ಚ್‌ಗಳು ಏನು ಮಾಡುತ್ತಿವೆ ಎಂಬ ಪ್ರಶ್ನೆ ಎದುರಾದಾಗ ಸಾಮಾನ್ಯವಾಗಿ ರೋಮ್‌ನ ಹೆಸರು ಬರುತ್ತದೆ, ಕ್ಯಾಂಟರ್ಬರಿಯ ಹೆಸರು ಬರುತ್ತದೆ. ಪತ್ರಗಳು, ನಿರ್ಣಯಗಳು, ಗುರಿ ವರ್ಷಗಳು ಚರ್ಚೆಗೆ ಬರುತ್ತವೆ. ಆದರೆ ಹವಾಮಾನ ಬದಲಾವಣೆ ಎಂಬ ಪದವೇ ಹುಟ್ಟದ ಕಾಲದಿಂದ ಕಾಡನ್ನು ಸುತ್ತ ಇರಿಸಿಕೊಂಡು ಬಂದ ಚರ್ಚ್ ಇಥಿಯೋಪಿಯದ ಆರ್ಥೊಡಾಕ್ಸ್ ತೆವಾಹೆದೊ ಚರ್ಚ್. ಅದು ಕಾಡನ್ನು ಹೇಗೆ ಉಳಿಸಿತು, ಈಗ ಆ ಕಾಡು ಒಳಗಿಂದಲೇ ಸವೆಯುತ್ತಿರುವುದು ಏಕೆ, ಅದನ್ನು ತಡೆಯಲು ಪಾದ್ರಿಗಳೂ ವಿಜ್ಞಾನಿಗಳೂ ಕೈಜೋಡಿಸಿದ್ದು ಹೇಗೆ ಎಂಬುದು ತಿಳಿಯತಕ್ಕ ಸಂಗತಿ.

ಮರವೇ ಉಡುಪು

ಇಥಿಯೋಪಿಯಕ್ಕೆ ಕ್ರೈಸ್ತ ಧರ್ಮ ಯುರೋಪಿನ ಮಿಷನರಿಗಳಿಂದ ಬಂದದ್ದಲ್ಲ. ನಾಲ್ಕನೇ ಶತಮಾನದಲ್ಲಿ ಅಕ್ಸೂಮ್‌ನ ದೊರೆ ಎಜಾನಾ ಮತಾಂತರಗೊಂಡಾಗಿನಿಂದ ಅದು ಅಲ್ಲಿ ಬೇರೂರಿದೆ. ಶತಮಾನಗಳ ಕಾಲ ಈಜಿಪ್ಟಿನ ಅಲೆಕ್ಸಾಂಡ್ರಿಯ ಪೀಠದ ಅಧೀನದಲ್ಲಿದ್ದ ಈ ಚರ್ಚ್ 1959ರಲ್ಲಿ ತನ್ನದೇ ಪೇಟ್ರಿಯಾರ್ಕ್ ಅನ್ನು ಪಡೆದು ಸ್ವತಂತ್ರವಾಯಿತು. 2007ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಶೇ 43ಕ್ಕೂ ಹೆಚ್ಚು ಮಂದಿ ಇದರ ಅನುಯಾಯಿಗಳು. ಕೇರಳ ಮೂಲದ ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಚರ್ಚ್ ಇದೇ ಪ್ರಾಚ್ಯ ಆರ್ಥೊಡಾಕ್ಸ್ ಕುಟುಂಬಕ್ಕೆ ಸೇರಿದ್ದು. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಆ ಚರ್ಚ್‌ನ ಧರ್ಮಪ್ರಾಂತ್ಯವೊಂದು 2010ರಿಂದ ಇದೆ. ಹೀಗಾಗಿ ಇಥಿಯೋಪಿಯದ ಪಾದ್ರಿಗಳೂ ಬ್ರಹ್ಮಾವರದ ಕೊಂಕಣಿ ಮಾತನಾಡುವ ಆರ್ಥೊಡಾಕ್ಸ್ ಕುಟುಂಬಗಳೂ ದೂರದ ನೆಂಟರೇ ಸರಿ.

ಅಲ್ಲಿನ ಹಳ್ಳಿಯ ಚರ್ಚ್ ಹೊರನೋಟಕ್ಕೆ ದುಂಡಗಿನ ಮಣ್ಣಿನ ಕಟ್ಟಡ. ಒಳಗೆ ಒಂದರೊಳಗೊಂದು ಮೂರು ಸುತ್ತು. ಹೊರ ಸುತ್ತಿನಲ್ಲಿ ಸ್ತೋತ್ರ ಹಾಡುವವರು ನಿಲ್ಲುತ್ತಾರೆ. ಅದರ ಒಳಗೆ ಪ್ರಸಾದ ಸ್ವೀಕರಿಸುವ ಸ್ಥಳ. ನಡುವಿನ ಗರ್ಭಗುಡಿಯಲ್ಲಿ ‘ತಾಬೊತ್’ ಇರುತ್ತದೆ. ಬೈಬಲಿನ ಒಡಂಬಡಿಕೆಯ ಪೆಟ್ಟಿಗೆಯ ಪ್ರತಿರೂಪವೆಂದು ನಂಬಲಾದ ಈ ಫಲಕವನ್ನು ಪಾದ್ರಿಗಳಲ್ಲದೆ ಬೇರೆಯವರು ನೋಡುವಂತಿಲ್ಲ. ಹಬ್ಬದ ದಿನ ಅದನ್ನು ಬಟ್ಟೆಯಲ್ಲಿ ಮುಚ್ಚಿ ತಲೆಯ ಮೇಲೆ ಹೊತ್ತು ಮೆರವಣಿಗೆ ಮಾಡುತ್ತಾರೆ. ತಾಬೊತ್ ಇದ್ದರಷ್ಟೇ ಅದು ಚರ್ಚ್, ಇಲ್ಲದಿದ್ದರೆ ಬರೀ ಕಟ್ಟಡ.

ಈ ಪಾವಿತ್ರ್ಯ ಗೋಡೆಗೆ ನಿಲ್ಲುವುದಿಲ್ಲ. ತಾಬೊತ್‌ನಿಂದ ಹೊರಟು ಗರ್ಭಗುಡಿ, ಪ್ರಾಂಗಣ, ಅದರಾಚೆಯ ಮರಗಳವರೆಗೆ ಅದು ಅಲೆಯಂತೆ ಹರಡುತ್ತದೆ ಎಂಬುದು ಭಕ್ತರ ಭಾವನೆ. ಮರಗಳು ಚರ್ಚಿನ ಉಡುಪು. ಮರವಿಲ್ಲದ ಚರ್ಚ್ ಬಟ್ಟೆಯಿಲ್ಲದ ಮನುಷ್ಯನಂತೆ ಎಂಬ ಮಾತು ಅಲ್ಲಿನ ಪಾದ್ರಿಗಳ ಬಾಯಲ್ಲಿ ಸಾಮಾನ್ಯ. ಗುಟ್ಟಾಗಿರಬೇಕಾದದ್ದನ್ನು ಮರ ಮರೆಮಾಡುತ್ತದೆ, ಒಳಗಿನ ಪ್ರಾರ್ಥನೆಗೆ ನೆರಳು ಕೊಡುತ್ತದೆ. ಸತ್ತವರನ್ನು ಇದೇ ಮರಗಳ ಕೆಳಗೆ ಹೂಳುತ್ತಾರೆ. ಕಾಡಿನೊಳಗೆ ಚಿಲುಮೆ ಇದ್ದರೆ ಅದರ ನೀರು ತೀರ್ಥ. ರೋಗಿಗಳು ಅದರಲ್ಲಿ ಮೀಯಲು ದೂರದೂರುಗಳಿಂದ ಬರುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಪಾದ್ರಿಗಳು ಕಾಡು ಉಳಿಸಿದ್ದು ಜೀವವೈವಿಧ್ಯದ ಹೆಸರಿನಲ್ಲಿ ಅಲ್ಲ. ಅವರು ಉಳಿಸಿದ್ದು ಚರ್ಚಿನ ಘನತೆಯನ್ನು. ಕಾಡು ಅದರ ನೆರಳಿನಲ್ಲಿ ಉಳಿಯಿತು. ಇದನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕರು ‘ನೆರಳಿನ ಸಂರಕ್ಷಣೆ’ ಎಂದೇ ಹೆಸರಿಟ್ಟಿದ್ದಾರೆ. ಮುಂದಿನ ಕಥೆಯ ಸೊಗಸೂ ತೊಡಕೂ ಈ ಒಂದು ಮಾತಿನಲ್ಲಿವೆ.

ಸುತ್ತಲ ಕಾಡು ಹೋದದ್ದೆಲ್ಲಿಗೆ?

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಥಿಯೋಪಿಯದ ಶೇ 40ರಷ್ಟು ನೆಲ ಕಾಡಾಗಿತ್ತು, ಈಗ ಉಳಿದಿರುವುದು ಶೇ 4 ಎಂಬ ಹೇಳಿಕೆ ದಶಕಗಳಿಂದ ವರದಿಯಿಂದ ವರದಿಗೆ ನಕಲಾಗುತ್ತಾ ಬಂದಿದೆ. ಈ ಅಂಕಿಗೆ ಗಟ್ಟಿ ಆಧಾರವಿಲ್ಲವೆಂದು ಜೇಮ್ಸ್ ಮೆಕ್‌ಕ್ಯಾನ್ ಅವರಂಥ ಇತಿಹಾಸಕಾರರು 1990ರ ದಶಕದಲ್ಲೇ ತಕರಾರು ತೆಗೆದಿದ್ದರು. ಉತ್ತರದ ಎತ್ತರದ ನಾಡಿನಲ್ಲಿ ಎತ್ತು ಕಟ್ಟಿ ಉಳುವ ಬೇಸಾಯ ಸಾವಿರಾರು ವರ್ಷ ಹಳೆಯದು. ಅಲ್ಲಿನ ಕಾಡು ನೂರು ವರ್ಷದಲ್ಲಿ ಒಮ್ಮೆಲೇ ಮಾಯವಾದದ್ದಲ್ಲ ಎಂಬುದು ಅವರ ವಾದ. ಅಂಕಿ ಏನೇ ಇರಲಿ, ದಕ್ಷಿಣ ಗೊಂಡರ್‌ನಂಥ ಸೀಮೆಯಲ್ಲಿ ಇಂದು ಚರ್ಚಿನ ಆವರಣದ ಹೊರಗೆ ಹಳೆಯ ನೈಸರ್ಗಿಕ ಕಾಡು ಬಹುತೇಕ ಇಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಕಾರಣಗಳು ನಮ್ಮ ಓದುಗರಿಗೂ ಅಪರಿಚಿತವಲ್ಲ. ಜನಸಂಖ್ಯೆ ಬೆಳೆಯಿತು, ಹಿಡುವಳಿ ಚಿಕ್ಕದಾಯಿತು. ಗೋಧಿ, ಬಾರ್ಲಿ, ತೆಫ್ ಬೆಳೆಯಲು ಇಳಿಜಾರನ್ನೂ ಉಳಬೇಕಾಯಿತು. ತೆಫ್ ಎಂದರೆ ರಾಗಿಗಿಂತಲೂ ಸಣ್ಣ ಕಾಳು. ಅದರ ಹಿಟ್ಟನ್ನು ಹುಳಿಬರಿಸಿ ದೋಸೆಯಂತೆ ಅಗಲವಾಗಿ ಹೊಯ್ಯುವ ಇಂಜೆರಾ ಅಲ್ಲಿನ ನಿತ್ಯದ ಊಟ. ಅದನ್ನು ಬೇಯಿಸುವ ದೊಡ್ಡ ಕಾವಲಿಗೆ ಸೌದೆ ಬಹಳ ಬೇಕು. ದನ, ಕುರಿ, ಮೇಕೆಗಳಿಗೆ ಮೇವಿನ ನೆಲ ಬೇರೆ ಬೇಕು.

1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ಪದಚ್ಯುತರಾಗಿ ‘ದೆರ್ಗ್’ ಎಂಬ ಸೇನಾ ಆಡಳಿತ ಬಂತು. 1975ರ ಮಾರ್ಚ್‌ನಲ್ಲಿ ಅದು ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಿಸಿತು. ಅದುವರೆಗೆ ದೊಡ್ಡ ಭೂಮಾಲೀಕನಾಗಿದ್ದ ಚರ್ಚ್ ತನ್ನ ಹೊಲಗಳನ್ನೂ ಗೇಣಿ ಆದಾಯವನ್ನೂ ಕಳೆದುಕೊಂಡಿತು. ಗೇಣಿದಾರನ ಮಟ್ಟಿಗೆ ಅದು ಬಿಡುಗಡೆಯೇ. ಆದರೆ ಚರ್ಚಿನ ಕೈಯಲ್ಲಿ ಗುಡಿ ಮತ್ತು ಅದರ ಸುತ್ತಲ ಮರಗಳಷ್ಟೇ ಉಳಿದವು. ಕಾಡಿನಂಚಿನವರೆಗೆ ನೇಗಿಲು ಬಂತು. ಚರ್ಚ್ ಕಾಡಿಗೂ ಹೊಲಕ್ಕೂ ನಡುವೆ ಇದ್ದ ಕುರುಚಲು ಪೊದೆಗಳ ಪಟ್ಟಿ ಕ್ರಮೇಣ ಕರಗಿತು.

ಇದಕ್ಕೆ ಒಂದು ಅಪರೂಪದ ಸಾಕ್ಷ್ಯವಿದೆ. ಇಟಲಿ ಇಥಿಯೋಪಿಯವನ್ನು ಆಕ್ರಮಿಸಿದ್ದ ಕಾಲದಲ್ಲಿ, 1938ರಲ್ಲಿ, ಅದರ ವಿಮಾನಗಳು ಈ ಸೀಮೆಯ ಚಿತ್ರಗಳನ್ನು ತೆಗೆದಿದ್ದವು. ಆ ಚಿತ್ರಗಳನ್ನು ಇತ್ತೀಚಿನ ಉಪಗ್ರಹ ಚಿತ್ರಗಳ ಜತೆ ಇಟ್ಟು ನೋಡಿದ ಸಂಶೋಧಕರಿಗೆ ಅಚ್ಚರಿ ಕಾದಿತ್ತು. ಚರ್ಚ್ ಕಾಡುಗಳು ಬಹುಪಾಲು ಇದ್ದಲ್ಲೇ ಇದ್ದವು. ಕೆಲವು ತುಸು ದೊಡ್ಡವೂ ಆಗಿದ್ದವು. ಕ್ರಾಂತಿ, ಬರ, ಕ್ಷಾಮ, ಅಂತರ್ಯುದ್ಧ ಎಲ್ಲವನ್ನೂ ದಾಟಿ ಅವು ನಿಂತಿದ್ದವು. ಸುತ್ತಲಿನ ನೆಲ ಮಾತ್ರ ಬೋಳಾಗಿತ್ತು. ದೊಡ್ಡದಾದ ಕಾಡುಗಳಲ್ಲಿ ಹೊಸದಾಗಿ ಸೇರಿದ್ದು ಯಾವ ಮರ ಎಂಬುದು ಬೇರೆ ಮಾತು. ಅದು ಮುಂದೆ ಬರುತ್ತದೆ.

ಎಣಿಸಿ ನೋಡಿದಾಗ

ದೇಶದಲ್ಲಿ ಈ ಪಂಥದ ಚರ್ಚ್‌ಗಳು ಸುಮಾರು 35 ಸಾವಿರ ಎಂಬ ಅಂದಾಜಿದೆ. ಎಲ್ಲಕ್ಕೂ ಕಾಡಿಲ್ಲ. ಇರುವ ಕಾಡುಗಳಲ್ಲಿಯೂ ಹೆಚ್ಚಿನವು ಕೆಲವೇ ಹೆಕ್ಟೇರ್‌ನವು. ಇವುಗಳಲ್ಲಿ ಏನಿದೆ ಎಂದು ಮೊದಲ ಬಾರಿಗೆ ವಿವರವಾಗಿ ಎಣಿಸಿದವರಲ್ಲಿ ಅಲೆಮಾಯೆಹು ವಾಸ್ಸಿ ಮುಖ್ಯರು. ಇಥಿಯೋಪಿಯದವರೇ ಆದ ಈ ಅರಣ್ಯ ವಿಜ್ಞಾನಿ 2007ರಲ್ಲಿ ನೆದರ್‌ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ವಿಷಯವೇ ಚರ್ಚ್ ಕಾಡುಗಳು. ದಕ್ಷಿಣ ಗೊಂಡರ್‌ನಲ್ಲಿ ಸಮುದ್ರಮಟ್ಟದಿಂದ 1,816 ಮೀಟರ್‌ನಿಂದ 3,111 ಮೀಟರ್ ಎತ್ತರದವರೆಗಿನ 28 ಚರ್ಚ್ ಕಾಡುಗಳನ್ನು ಅವರ ತಂಡ ಸಮೀಕ್ಷಿಸಿತು. ಅತಿ ಚಿಕ್ಕದು 1.6 ಹೆಕ್ಟೇರ್, ಅತಿ ದೊಡ್ಡದು 100 ಹೆಕ್ಟೇರ್. ಒಟ್ಟು 168 ಜಾತಿಯ ಮರ, ಪೊದೆ ಮತ್ತು ಬಳ್ಳಿಗಳು ಸಿಕ್ಕವು.

ಆಫ್ರಿಕದ ಜೂನಿಪರ್, ಕಾಡು ಆಲಿವ್, ಪೊಡೊಕಾರ್ಪಸ್, ನಮ್ಮ ಚಳ್ಳೆಹಣ್ಣಿನ ಮರದ ಬಳಗಕ್ಕೆ ಸೇರಿದ ಕಾರ್ಡಿಯಾ, ಔಷಧಕ್ಕಾಗಿ ತೊಗಟೆ ಸುಲಿಯಲಾಗುವ ಆಫ್ರಿಕದ ಚೆರ್ರಿ, ಬಗೆಬಗೆಯ ಅತ್ತಿ ಆಲಗಳು. ಹೊರಗೆ ಎಲ್ಲಿಯೂ ಬೀಜಕ್ಕೂ ಸಿಗದ ಮರಗಳು ಇಲ್ಲಿ ಉಳಿದಿವೆ. ಇವುಗಳ ನೆರಳಿನಲ್ಲಿ ಹಕ್ಕಿ, ಕೋತಿ, ಜೇನು ಬದುಕಿವೆ. ಕಾಡಿನ ಜೇನು ಮತ್ತಿತರ ಕೀಟಗಳು ಪಕ್ಕದ ಹೊಲದ ಬೆಳೆಗೂ ಪರಾಗಸ್ಪರ್ಶ ಮಾಡುತ್ತವೆ. ಮಳೆನೀರು ಇಂಗುತ್ತದೆ, ಚಿಲುಮೆ ಬತ್ತದೆ ಉಳಿಯುತ್ತದೆ. ಬಿಸಿಲು ಏರುತ್ತಿರುವ, ಮಳೆ ಅಂದಾಜು ತಪ್ಪುತ್ತಿರುವ ನಾಡಿನಲ್ಲಿ ಇದು ಸಣ್ಣ ಲಾಭವಲ್ಲ. ಹಾಗೆಂದು ಈ ಕಾಡುಗಳು ಇಂಗಾಲ ಹೀರಿ ಜಗತ್ತನ್ನು ತಂಪಾಗಿಸುತ್ತವೆ ಎಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಐದು ಹೆಕ್ಟೇರ್ ಕಾಡಿನಿಂದ ಆ ಕೆಲಸ ಆಗದು. ಮುಂದೆ ನೆಲವನ್ನು ಮತ್ತೆ ಹಸಿರಾಗಿಸಬೇಕಾದರೆ ನಾಡಿನದೇ ಮರಗಳ ಬೀಜ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಇವು ಉತ್ತರ. ಇವುಗಳ ನಿಜವಾದ ಬೆಲೆ ಇರುವುದು ಅಲ್ಲಿ.

ಬೀಜದ ವಿಷಯದಲ್ಲಿಯೇ ಅಲೆಮಾಯೆಹು ಅವರ ತಂಡ ಆತಂಕದ ಸಂಗತಿಯನ್ನು ಕಂಡುಕೊಂಡಿತು. ಕಾಡಿನ ಮಣ್ಣನ್ನು ತಂದು ಮೊಳಕೆ ಬರಿಸಿ ನೋಡಿದಾಗ ಕಳೆಗಿಡ, ಹುಲ್ಲುಗಳ ಬೀಜವೇ ಹೆಚ್ಚಾಗಿ ಮೊಳೆತವು. ಹೆಚ್ಚಿನ ದೊಡ್ಡ ಮರಗಳ ಬೀಜ ಮಣ್ಣಿನಲ್ಲಿ ಬಹುಕಾಲ ಬದುಕುವುದಿಲ್ಲ. ಅಂದರೆ ಮರ ಒಮ್ಮೆ ಹೋದರೆ ಮಣ್ಣಿನಲ್ಲಿ ಅಡಗಿದ್ದ ಬೀಜದಿಂದ ಕಾಡು ಮತ್ತೆ ಎದ್ದು ಬರುತ್ತದೆ ಎಂದು ಕಾಯುವಂತಿಲ್ಲ. ಈಗಿರುವ ಮರ ಬೀಜ ಉದುರಿಸಬೇಕು, ಬೀಜ ಸಸಿಯಾಗಬೇಕು, ಸಸಿ ಮರವಾಗಬೇಕು. ಸರಪಳಿ ಎಲ್ಲಿಯೂ ಕಡಿಯಬಾರದು.

ಅದು ಕಡಿದಿದ್ದು ದನದ ಬಾಯಲ್ಲಿ. ಕಾಡಿನೊಳಗೆ ಬೇಲಿ ಹಾಕಿದ ಜಾಗವನ್ನೂ ಹಾಕದ ಜಾಗವನ್ನೂ ಹೋಲಿಸಿದಾಗ ವ್ಯತ್ಯಾಸ ಎದ್ದು ಕಂಡಿತು. ದನಕರು ನುಗ್ಗದ ಕಡೆ ಸಸಿಗಳು ಬದುಕಿದವು. ನುಗ್ಗುವ ಕಡೆ ಮೇಯ್ದು, ತುಳಿದು ಹಾಳಾದವು. ತಲೆಯೆತ್ತಿ ನೋಡಿದರೆ ದಟ್ಟ ಕಾಡು, ತಗ್ಗಿಸಿ ನೋಡಿದರೆ ಬರಿ ನೆಲ. ಮುದುಕರಷ್ಟೇ ಉಳಿದು ಮಕ್ಕಳಿಲ್ಲದ ಊರಿನ ಸ್ಥಿತಿ ಅದು.

ಹೊಲದ ಕಲ್ಲು, ಕಾಡಿನ ಗೋಡೆ

ಮರದ ನೆತ್ತಿಯ ಜೀವಲೋಕವನ್ನು ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಲೋಮನ್ ಮೆಕ್ಸಿಕೊದ ವಿಜ್ಞಾನ ಸಮ್ಮೇಳನವೊಂದರಲ್ಲಿ ಅಲೆಮಾಯೆಹು ಅವರನ್ನು ಭೇಟಿಯಾದರು. ಆ ಪರಿಚಯ ಮುಂದೆ ತಾನಾ ಸರೋವರದ ದಂಡೆಯ ಬಹಿರ್ ದಾರ್ ನಗರದಲ್ಲಿ ಪಾದ್ರಿಗಳ ಕಾರ್ಯಾಗಾರಕ್ಕೆ ದಾರಿಯಾಯಿತು. ವಿಜ್ಞಾನಿಗಳು ಅಲ್ಲಿ ಭಾಷಣಕ್ಕಿಂತ ಹೆಚ್ಚಾಗಿ ನೆಚ್ಚಿಕೊಂಡದ್ದು ಗೂಗಲ್ ಅರ್ಥ್‌ನ ಚಿತ್ರಗಳನ್ನು. ತಮ್ಮ ಚರ್ಚ್ ಕಾಡನ್ನು ಒಳಗಿನಿಂದ ಮಾತ್ರ ಬಲ್ಲ ಪಾದ್ರಿಗಳು ಅದನ್ನು ಮೇಲಿನಿಂದ, ಬೋಳು ಹೊಲಗಳ ನಡುವಿನ ಒಂಟಿ ಚುಕ್ಕೆಯಾಗಿ ನೋಡಿದರು. ಅಂಚು ಎಲ್ಲಿ ಸವೆದಿದೆ ಎಂಬುದನ್ನು ಯಾರೂ ಬೆರಳಿಟ್ಟು ತೋರಿಸಬೇಕಾಗಲಿಲ್ಲ.

ಪರಿಹಾರ ಹೊರಗಿನಿಂದ ಬಂದದ್ದಲ್ಲ ಎಂಬುದು ಮುಖ್ಯ. ಕೆಲವು ಚರ್ಚ್‌ಗಳು ಮೊದಲೇ ಕಾಡಿನ ಸುತ್ತ ಒಣಕಲ್ಲಿನ ಗೋಡೆ ಕಟ್ಟಿಕೊಂಡಿದ್ದವು. ಉಳಿದವೂ ಕಟ್ಟಬೇಕು ಎಂಬುದು ಪಾದ್ರಿಗಳದೇ ಅಪೇಕ್ಷೆ. ಗಾರೆ, ಸಿಮೆಂಟ್ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸುವ, ನಮ್ಮ ಬಯಲುಸೀಮೆಯ ರೈತರಿಗೂ ಗೊತ್ತಿರುವ ಕಲ್ಲುಕಟ್ಟಣೆ ಇದು. ಕಲ್ಲು ಸುತ್ತಲ ಹೊಲಗಳಲ್ಲೇ ಧಾರಾಳ. ಹೊಲದಿಂದ ಕಲ್ಲು ಆರಿಸಿ ತೆಗೆದರೆ ನೇಗಿಲು ಸಲೀಸಾಗಿ ಸಾಗುತ್ತದೆ, ಇಳುವರಿಯೂ ಹೆಚ್ಚುತ್ತದೆ. ಹಾಗಾಗಿ ರೈತ ಕಲ್ಲು ಹೊತ್ತು ತರುವುದು ಪುಣ್ಯಕ್ಕೂ ಆಯಿತು, ಲಾಭಕ್ಕೂ ಆಯಿತು. ಸಾಗಣೆ, ಗೇಟು ಮೊದಲಾದ ವೆಚ್ಚಕ್ಕೆ ಲೋಮನ್ ಅವರ ಟ್ರೀ ಫೌಂಡೇಶನ್ ಅಮೆರಿಕದಲ್ಲಿ ದೇಣಿಗೆ ಸಂಗ್ರಹಿಸಿತು. ಜನರಿಗೆ ಬಾಗಿಲು ತೆರೆದಿರುತ್ತದೆ, ದನಕ್ಕೆ ಮುಚ್ಚಿರುತ್ತದೆ.

ಗೋಡೆಯ ಇನ್ನೊಂದು ಪ್ರಯೋಜನವೂ ಇದೆ. ಅದನ್ನು ಈಗಿನ ಮರಗಳ ಬುಡಕ್ಕೆ ಅಂಟಿಸಿ ಕಟ್ಟದೆ ಸ್ವಲ್ಪ ಹೊರಗೆ ಕಟ್ಟಿದರೆ ಕಾಡಿಗೆ ಬೆಳೆಯಲು ಜಾಗ ಸಿಗುತ್ತದೆ. ಎಲ್ಲಿಯವರೆಗೆ ಚರ್ಚ್, ಎಲ್ಲಿಂದ ಹೊಲ ಎಂಬ ಜಗಳವೂ ತಣ್ಣಗಾಗುತ್ತದೆ. ಇಥಿಯೋಪಿಯದಲ್ಲಿ ಇಂದಿಗೂ ಭೂಮಿ ಸರ್ಕಾರದ್ದೇ. ರೈತನಿಗಿರುವುದು ಬಳಕೆಯ ಹಕ್ಕು ಮಾತ್ರ. ಇಂಥ ಕಡೆ ಕಣ್ಣಿಗೆ ಕಾಣುವ ಗಡಿ ಎಂಬುದು ದೊಡ್ಡ ವಿಷಯ.

ಒಳಗಿನ ಸವೆತ

ಆದರೆ ಗೋಡೆ ತಡೆಯುವುದು ಹೊರಗಿನ ದನವನ್ನು. ಒಳಗಿನ ಮನುಷ್ಯನನ್ನಲ್ಲ. ಅಮೆರಿಕದ ಕೋಲ್ಗೇಟ್ ವಿಶ್ವವಿದ್ಯಾಲಯದ ಕ್ಯಾಥರೀನ್ ಕಾರ್ಡೆಲುಸ್ ಮತ್ತು ಸಂಗಡಿಗರು 44 ಚರ್ಚ್ ಕಾಡುಗಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ ಲೇಖನ ಈ ಬಗ್ಗೆ ಕಣ್ಣು ತೆರೆಸುವಂಥದ್ದು. ಕಾಲುದಾರಿ, ಕಡಿದು ಬಯಲಾದ ಜಾಗ, ಗೋರಿ, ಕಟ್ಟಡ, ನೆಟ್ಟ ಪರದೇಶಿ ಗಿಡ ಇವು ಕಾಡಿನೊಳಗೆ ವ್ಯಾಪಕವಾಗಿದ್ದವು. ಇವು ಹೆಚ್ಚಿದ್ದಲ್ಲಿ ಮರಗಳ ಜಾತಿಯೂ ಕಡಿಮೆ, ಸಸಿಗಳೂ ಕಡಿಮೆ.

ಇದರಲ್ಲಿ ಹೆಚ್ಚಿನದು ಧರ್ಮಾಚರಣೆಯ ಭಾಗವೇ. ಭಕ್ತರು ಹೆಚ್ಚಿದಂತೆ ಹಬ್ಬಕ್ಕೆ ನೆರೆಯುವ ಜನ ಹೆಚ್ಚಾಗುತ್ತದೆ, ನಿಲ್ಲಲು ಬಯಲು ಬೇಕಾಗುತ್ತದೆ. ಹಿಂದೆ ಗುರುತಿಲ್ಲದೆ ಹೂಳುತ್ತಿದ್ದ ಕಡೆ ಈಗ ಸಿಮೆಂಟಿನ ಗೋರಿ ಏಳುತ್ತದೆ. ಗೋರಿಯ ಮೇಲೆ ಮರ ಬೆಳೆಯದು. ಮಣ್ಣಿನ ಹಳೆಯ ದುಂಡು ಗುಡಿಯನ್ನು ಕೆಡವಿ ದೊಡ್ಡದಾದ ಕಾಂಕ್ರೀಟ್ ಚರ್ಚ್ ಕಟ್ಟಿಸುವುದು ಊರಿಗೆ ಹೆಮ್ಮೆ. ಅದಕ್ಕೂ ಜಾಗ ಬೇಕು. ಚರ್ಚ್ ಶಾಲೆಯ ವಿದ್ಯಾರ್ಥಿಗಳು ಮನೆ ಬಿಟ್ಟು ಬಂದು ಕಾಡಿನಂಚಿನ ಪುಟ್ಟ ಗುಡಿಸಲುಗಳಲ್ಲಿದ್ದು ಸ್ತೋತ್ರ, ಶಾಸ್ತ್ರ ಕಲಿಯುತ್ತಾರೆ. ಅವರಿಗೂ ಸೌದೆ ಬೇಕು. ಚರ್ಚಿನ ಕೆಲಸಕ್ಕೆ ಚರ್ಚಿನ ಮರ ಎಂಬುದು ಹಳೆಯ ನಿಯಮ. ಚರ್ಚಿನ ಕೆಲಸ ಹಿಂದೆ ಕಡಿಮೆ ಇತ್ತು ಎಂಬುದೇ ವ್ಯತ್ಯಾಸ. ಘನತೆಗಾಗಿ ಕಾಡು ಉಳಿಸಿದ ಚರ್ಚ್ ಅದೇ ಘನತೆಗಾಗಿ ಕಾಡು ಕಳೆದುಕೊಳ್ಳತೊಡಗಿದೆ ಎಂದರೆ ತಪ್ಪಾಗದು.

ಇನ್ನು ನೀಲಗಿರಿಯ ಮಾತು. ಚಕ್ರವರ್ತಿ ಎರಡನೇ ಮೆನೆಲಿಕ್ ಕಾಲದಲ್ಲಿ, 1890ರ ದಶಕದಲ್ಲಿ, ಹೊಸ ರಾಜಧಾನಿ ಆಡಿಸ್ ಅಬಾಬಾಕ್ಕೆ ಸೌದೆ ಸಾಲದೆ ಹೋದಾಗ ಆಸ್ಟ್ರೇಲಿಯದ ನೀಲಗಿರಿ ಮರವನ್ನು ತರಿಸಲಾಯಿತು. ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ, ದನ ಮುಟ್ಟುವುದಿಲ್ಲ, ಮನೆ ಕಟ್ಟುವವರಿಗೆ ಗಳ ಮಾರಿದರೆ ಕಾಸು ಕೈಗೆ ಬರುತ್ತದೆ. ಗೇಣಿ ಕಳೆದುಕೊಂಡ ಬಡ ಚರ್ಚ್‌ಗಳು ಅದನ್ನು ನೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ. 1938ರ ಚಿತ್ರಗಳಿಗಿಂತ ದೊಡ್ಡದಾಗಿ ಕಾಣುವ ಕಾಡುಗಳಲ್ಲಿ ಹೆಚ್ಚುವರಿ ಹಸಿರಿಗೆ ಕಾರಣ ಬಹುಮಟ್ಟಿಗೆ ಈ ಮರವೇ. ಉಪಗ್ರಹಕ್ಕೆ ಅದೂ ಹಸಿರೇ. ಅದರ ಕೆಳಗೆ ನಾಡಿನ ಸಸಿ ಏಳುವುದು ಕಷ್ಟ, ನೀರಿನ ದಾಹವೂ ಅದಕ್ಕೆ ಹೆಚ್ಚು. ಅಂತರ್ಜಲದ ಚಿಂತೆಯಿಂದ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದನ್ನು ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಮರೆತಿರಲಾರರು. ಆದರೆ ನೀಲಗಿರಿಯನ್ನು ಬೈಯುವ ಮುನ್ನ ಇನ್ನೊಂದು ಮುಖವನ್ನೂ ನೋಡಬೇಕು. ಸೌದೆಗೂ ಗಳಕ್ಕೂ ಆ ಮರ ಇಲ್ಲದಿದ್ದರೆ ಕೊಡಲಿ ಬೀಳುತ್ತಿದ್ದುದು ಹಳೆಯ ಜೂನಿಪರ್ ಮೇಲೆಯೇ.

ಜಗತ್ತಿನ ಚರ್ಚ್‌ಗಳ ದಾರಿ

ಪರಿಸರದ ವಿಷಯದಲ್ಲಿ ಕ್ರೈಸ್ತ ಧರ್ಮ ಬಹುಕಾಲ ಆರೋಪಿಯ ಸ್ಥಾನದಲ್ಲಿತ್ತು. ಪ್ರಕೃತಿ ಇರುವುದೇ ಮನುಷ್ಯನ ಬಳಕೆಗೆ ಎಂಬ ಭಾವನೆಯನ್ನು ಪಾಶ್ಚಾತ್ಯ ಕ್ರೈಸ್ತ ಧರ್ಮ ಬಿತ್ತಿತು, ಪರಿಸರ ಬಿಕ್ಕಟ್ಟಿನ ಬೇರು ಅಲ್ಲಿದೆ ಎಂದು ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ದೊಡ್ಡ ಚರ್ಚೆಗೆ ಕಾರಣವಾಗಿತ್ತು. ವಿಶೇಷವೆಂದರೆ, ಪರಿಸರವಾದಿಗಳಿಗೆ ಅಸಿಸಿಯ ಸಂತ ಫ್ರಾನ್ಸಿಸ್ ಪಾಲಕ ಸಂತನಾಗಲಿ ಎಂದು ಸೂಚಿಸಿದವರೂ ಅವರೇ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಧಿಕೃತವಾಗಿ ಹಾಗೆಯೇ ಘೋಷಿಸಿದರು.

ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಡಿಮಿಟ್ರಿಯೊಸ್ 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವಾಗಿ ಗೊತ್ತುಪಡಿಸಿದರು. ಅವರ ನಂತರ ಬಂದ ಬಾರ್ತಲೋಮಿಯೊ ನಿಸರ್ಗಕ್ಕೆ ಹಾನಿ ಮಾಡುವುದು ಪಾಪ ಎಂದು 1997ರಲ್ಲಿ ಸ್ಪಷ್ಟವಾಗಿ ಸಾರಿದರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಪತ್ರ ಹವಾಮಾನದ ವಿಷಯವನ್ನು ಕ್ಯಾಥೊಲಿಕ್ ಬೋಧನೆಯ ಕೇಂದ್ರಕ್ಕೆ ತಂದಿತು. ಎಂಟು ವರ್ಷಗಳ ನಂತರ, 2023ರಲ್ಲಿ, ಸಾಕಷ್ಟು ಕೆಲಸವಾಗಿಲ್ಲ ಎಂಬ ಅಸಮಾಧಾನದೊಂದಿಗೆ ಅವರು ‘ಲೌದಾತೆ ದೆಉಮ್’ ಬರೆದರು. 2025ರ ಏಪ್ರಿಲ್‌ನಲ್ಲಿ ಅವರು ನಿಧನರಾದರು. ಇಂಗ್ಲೆಂಡಿನ ಚರ್ಚ್ 2030ರ ಹೊತ್ತಿಗೆ ತನ್ನ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುವುದಾಗಿ 2020ರಲ್ಲಿ ನಿರ್ಣಯಿಸಿತು. ಅದರ ಹಣಕಾಸು ನೋಡಿಕೊಳ್ಳುವ ಕಮಿಷನರ್‌ಗಳು ತೈಲ ಮತ್ತು ಅನಿಲ ಕಂಪನಿಗಳಲ್ಲಿನ ಹೂಡಿಕೆಯಿಂದ ಹೊರಬರುವುದಾಗಿ 2023ರಲ್ಲಿ ಪ್ರಕಟಿಸಿದರು.

ಬೋಧನೆಗೂ ನೆಲದ ಮೇಲಿನ ನಡೆಗೂ ಅಂತರ ಎಷ್ಟಿರಬಲ್ಲದು ಎಂಬುದಕ್ಕೆ ನೆರೆಯ ಕೇರಳದಲ್ಲೇ ಉದಾಹರಣೆಯಿದೆ. ಮಾಧವ ಗಾಡ್ಗೀಳ್ ಸಮಿತಿ ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿಯೂ ಕಸ್ತೂರಿರಂಗನ್ ಸಮಿತಿ 2013ರಲ್ಲಿಯೂ ವರದಿ ಸಲ್ಲಿಸಿದಾಗ ಇಡುಕ್ಕಿಯ ಸಿರೊ ಮಲಬಾರ್ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಅವುಗಳ ವಿರುದ್ಧದ ಚಳವಳಿಯ ಬೆನ್ನಿಗೆ ನಿಂತಿತು. ಗಾಡ್ಗೀಳ್ ವರದಿಯನ್ನು ಬೆಂಬಲಿಸಿದ್ದ ಅಲ್ಲಿನ ಸಂಸದ ಪಿ.ಟಿ. ಥಾಮಸ್ ಅವರಿಗೆ 2014ರ ಚುನಾವಣೆಯಲ್ಲಿ ಟಿಕೆಟ್ ಸಿಗಲಿಲ್ಲ. ಚಳವಳಿಯ ಬೆಂಬಲವಿದ್ದ ಅಭ್ಯರ್ಥಿ ಗೆದ್ದರು. ದಶಕಗಳ ಹಿಂದೆ ಗುಡ್ಡ ಹತ್ತಿ ಏಲಕ್ಕಿ, ಮೆಣಸು ಬೆಳೆದ ರೈತರಿಗೆ ಎಬ್ಬಿಸಿಬಿಡುತ್ತಾರೆಂಬ ಭಯವಿತ್ತು. ಆ ರೈತರೇ ಚರ್ಚಿನ ಸದಸ್ಯರೂ ಆಗಿದ್ದರು. ಇದು ಚರ್ಚ್‌ಗೆ ಮಾತ್ರ ಸೀಮಿತವಾದ ನಿಲುವಲ್ಲ. ಕರ್ನಾಟಕದ ಮಲೆನಾಡಿನಲ್ಲಿಯೂ ಇದೇ ಭಯ ಕೆಲಸ ಮಾಡಿತು, 2024ರಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕಾಡು ಚರ್ಚಿನ ಉಡುಪಾದಾಗ ಅದನ್ನು ಕಾಯುವುದು ಸುಲಭ, ಭಕ್ತನ ಜಮೀನಾದಾಗ ಕಷ್ಟ.

ಕೊಡಗಿನ ಲೆಕ್ಕ

ಗಾಡ್ಗೀಳ್ ಹೆಸರು ಬಂದದ್ದರಿಂದ ಹೇಳಲೇಬೇಕಾದ ಸಂಗತಿಯೊಂದಿದೆ. ಪಶ್ಚಿಮಘಟ್ಟದ ದೇವರಕಾಡುಗಳ ಬಗ್ಗೆ ವಿ.ಡಿ. ವರ್ತಕ್ ಅವರೊಂದಿಗೆ 1970ರ ದಶಕದಲ್ಲಿ ಅಧ್ಯಯನ ಮಾಡಿ ಅವುಗಳ ಮಹತ್ವವನ್ನು ವಿಜ್ಞಾನ ಲೋಕದ ಮುಂದಿಟ್ಟವರು ಅವರೇ. ಇಥಿಯೋಪಿಯದ ಕಾಡುಗಳನ್ನು ಕುರಿತ ಸಂಶೋಧನೆ ಮುಂದುವರಿದಿರುವುದೂ ಈ ಹಾದಿಯಲ್ಲಿಯೇ.

ಕೊಡಗಿನಲ್ಲಿ ಅಯ್ಯಪ್ಪ, ಭಗವತಿ ಮುಂತಾದ ದೇವರ ಹೆಸರಿನಲ್ಲಿ 1,214 ದೇವರಕಾಡುಗಳು ದಾಖಲಾಗಿವೆ. 1905ರಲ್ಲಿ ಅವುಗಳ ಒಟ್ಟು ವಿಸ್ತೀರ್ಣ 6,277 ಹೆಕ್ಟೇರ್ ಇತ್ತು. 1985ರ ಹೊತ್ತಿಗೆ ಉಳಿದದ್ದು 2,550 ಹೆಕ್ಟೇರ್. ಎಂಬತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಕಾಫಿ ತೋಟಗಳು ಒತ್ತರಿಸಿದವು, ಬನ ಹೋದಲ್ಲಿ ಗುಡಿ ಬೆಳೆಯಿತು. ದೇವರ ಭಯವೊಂದೇ ಕಾಡನ್ನು ಕಾಯುತ್ತದೆ ಎನ್ನುವವರು ಈ ಲೆಕ್ಕವನ್ನು ನೋಡಬೇಕು. ಇಥಿಯೋಪಿಯದಲ್ಲಿ ಭಯದ ಜತೆಗೆ ಕಾಡಿನೊಳಗೆ ದಿನವೂ ಇರುವ ಪಾದ್ರಿ ಇದ್ದಾನೆ, ಗುಡಿಸಲಿನ ವಿದ್ಯಾರ್ಥಿ ಇದ್ದಾನೆ. ಕೊಡಲಿಯ ಸದ್ದು ಕೇಳುವ ಕಿವಿ ಹತ್ತಿರವೇ ಇದೆ.

ಯುದ್ಧದ ನಡುವೆ

ಇಥಿಯೋಪಿಯ ಸರ್ಕಾರವೂ ಕೈಕಟ್ಟಿ ಕೂತಿಲ್ಲ. ಪ್ರಧಾನಿ ಅಬಿ ಅಹ್ಮದ್ 2019ರಲ್ಲಿ ‘ಹಸಿರು ಪರಂಪರೆ’ ಯೋಜನೆ ಆರಂಭಿಸಿದರು. ಆ ವರ್ಷದ ಜುಲೈ 29ರಂದು ಒಂದೇ ದಿನ 35 ಕೋಟಿ ಸಸಿ ನೆಟ್ಟದ್ದಾಗಿ ಸರ್ಕಾರ ಹೇಳಿಕೊಂಡಿತು. ಎಷ್ಟು ಬದುಕಿದವು, ಅವುಗಳಲ್ಲಿ ನಾಡಿನ ಮರ ಎಷ್ಟು ಎಂಬ ಪ್ರಶ್ನೆಗಳನ್ನು ತಜ್ಞರು ಎತ್ತಿದ್ದಾರೆ. ನಾಡಿನ ಮರಗಳನ್ನೇ ನೆಡಬೇಕಾದರೆ ಬೀಜಕ್ಕೆ ಮತ್ತೆ ಚರ್ಚ್ ಕಾಡಿಗೇ ಬರಬೇಕು. ಕಾಡುಗಳ ನಡುವಿನ ಬೋಳು ಜಾಗದಲ್ಲಿ ತೊರೆಯ ದಂಡೆ, ಹೊಲದ ಬದುಗಳ ಉದ್ದಕ್ಕೂ ಇದೇ ಬೀಜದ ಸಸಿಗಳನ್ನು ಬೆಳೆಸಿ ಚುಕ್ಕೆಗಳನ್ನು ಒಂದಕ್ಕೊಂದು ಜೋಡಿಸಬೇಕು ಎಂಬುದು ಅಲೆಮಾಯೆಹು ಅವರಂಥವರ ಬಹುಕಾಲದ ಆಸೆ.

ಆ ಕೆಲಸಕ್ಕೆ ಬೇಕಾದ ಶಾಂತಿ ಸಿಕ್ಕಿಲ್ಲ. 2020ರ ನವೆಂಬರ್‌ನಿಂದ 2022ರ ನವೆಂಬರ್‌ವರೆಗೆ ಟಿಗ್ರಾಯ್ ಪ್ರಾಂತ್ಯದಲ್ಲಿ ಭೀಕರ ಯುದ್ಧ ನಡೆಯಿತು. ವಿದ್ಯುತ್ತು, ಇಂಧನ ಕಡಿತಗೊಂಡ ದಿನಗಳಲ್ಲಿ ಜನ ಸೌದೆ ಇದ್ದಿಲುಗಳನ್ನು ನೆಚ್ಚಬೇಕಾಯಿತು, ದಶಕಗಳ ಶ್ರಮದಿಂದ ಬೆಳೆಸಿದ ಮರಗಳಿಗೆ ಕೊಡಲಿ ಬಿತ್ತು. 2023ರ ಆಗಸ್ಟ್‌ನಲ್ಲಿ ಅಮ್ಹಾರಾ ಪ್ರಾಂತ್ಯದಲ್ಲಿ ಸರ್ಕಾರಿ ಸೇನೆಗೂ ಫಾನೊ ಎಂಬ ಸಶಸ್ತ್ರ ಗುಂಪುಗಳಿಗೂ ಸಂಘರ್ಷ ಭುಗಿಲೆದ್ದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ದಕ್ಷಿಣ ಗೊಂಡರ್, ಬಹಿರ್ ದಾರ್ ಎರಡೂ ಇರುವುದು ಇದೇ ಪ್ರಾಂತ್ಯದಲ್ಲಿ. ಕಾಡುಗಳ ಮರು ಎಣಿಕೆಗೆ ಸಂಶೋಧಕರು ಹಳ್ಳಿಹಳ್ಳಿ ತಿರುಗುವ ಸ್ಥಿತಿ ಅಲ್ಲಿಲ್ಲದಾಯಿತು. ಆಗ ಉಳಿದ ದಾರಿಯೆಂದರೆ ಉಪಗ್ರಹದ ಚಿತ್ರ. ಹಸಿರು ಚುಕ್ಕೆ ಇದೆಯೇ ಇಲ್ಲವೇ ಎಂಬುದನ್ನು ಅದು ತೋರಿಸಬಲ್ಲದು. ಮರದ ಬುಡದಲ್ಲಿ ಸಸಿ ಎದ್ದಿದೆಯೇ ಎಂಬುದು ಮಾತ್ರ ಅದರಲ್ಲಿ ಕಾಣುವುದಿಲ್ಲ.